ಸೊಪ್ಪು ಬಂತು, ಹೂ ಬರಲಿಲ್ಲ



ಹಣ್ಣಿನ ಗಿಡಗಳ ಬಗ್ಗೆ ಇವರಿಗೆ ನಾಲ್ಕು ಮಾತು ಗೊತ್ತು ಎಂದು ಸುದ್ದಿಯಾದರೆ ಸಾಕು, ಉಜಿರೆ ಪೇಟೆಗೆ ಹಾಲು ತರಲು ಹೋದವನನ್ನೂ ನಿಲ್ಲಿಸಿ ಕೇಳುತ್ತಾರೆ: “ಮಾಷ್ಟ್ರೇ, ನಮ್ಮ ಕಸಿ ಮಾವಿಗೆ ಎಂಟು ವರ್ಷ ಆಯ್ತು. ಮರ ನೋಡಿದ್ರೆ ಕಣ್ಣು ತುಂಬ್ತದೆ. ಕಾಯಿ ಮಾತ್ರ ಇಲ್ಲ. ಏನು ಹಾಕಬೇಕು?” “ಏನೂ ಹಾಕಬೇಡಿ ಮಾರಾಯ್ರೇ, ಹಾಕುವುದನ್ನು ನಿಲ್ಲಿಸಿ” ಎಂದರೆ, ಮದ್ದಿನ ಹೆಸರು ಹೇಳಲು ಮನಸ್ಸಿಲ್ಲದೆ ಜಾರಿಕೊಳ್ಳುತ್ತಿದ್ದಾನೆ ಎಂಬಂತೆ ಮುಖ ನೋಡುತ್ತಾರೆ. ಆ ಉತ್ತರ ಯಾಕೆ ಎಂಬುದನ್ನು ಇವತ್ತು ಸಾವಕಾಶವಾಗಿ ಹೇಳುತ್ತೇನೆ.

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ನಮ್ಮ ಕೈ ಪಳಗಿರುವುದು ಅಡಿಕೆಯಲ್ಲಿ. ಅಡಿಕೆ ಮರದ ಲೆಕ್ಕ ಬಹಳ ನೇರ. ಒಂದು ಸೋಗೆಯ ಬುಡದಲ್ಲಿ ಒಂದು ಹಿಂಗಾರ. ಸೋಗೆ ಹಣ್ಣಾಗಿ ಹಾಳೆ ಸಮೇತ ಕಳಚಿ ಬಿದ್ದರೆ ಆ ಜಾಗದಲ್ಲಿ ಹಿಂಗಾರ ಬಿಚ್ಚಿಕೊಳ್ಳುತ್ತದೆ. ಬೆಳವಣಿಗೆ ಬೇರೆ, ಫಸಲು ಬೇರೆ ಎಂಬುದು ಅಲ್ಲಿಲ್ಲ. ನೀರು ಗೊಬ್ಬರ ಕೊಟ್ಟು ಸೋಗೆ ಬರಿಸಿದರೆ ಹಿಂಗಾರ ಹಿಂದೆಯೇ ಬರುತ್ತದೆ. ತೆಂಗೂ ಹಾಗೆಯೇ. ಆದ್ದರಿಂದ ಮಳೆ ಬಿಟ್ಟು ಮಣ್ಣು ಒಣಗುವ ಮೊದಲೇ ಪಂಪು ಶುರು ಮಾಡುವುದು, ಬುಡ ಬಿಡಿಸಿ ಸೊಪ್ಪು, ಹಟ್ಟಿಗೊಬ್ಬರ ತುಂಬುವುದು ನಮಗೆ ರೂಢಿ. ಅಡಿಕೆಗೆ ಅದು ಸರಿಯೇ. ಅದೇ ರೂಢಿಯನ್ನು ತೋಟದ ಬದಿಯ ಮಾವಿಗೂ ರಂಬುಟಾನಿಗೂ ಯೋಚನೆ ಮಾಡದೆ ಹಚ್ಚಿದ್ದೇವೆ. ಎಡವಟ್ಟು ಅಲ್ಲಿ.

ಮಾವಿನ ರೆಂಬೆಯ ತುದಿಯಲ್ಲಿ ಒಂದು ಮುಖ್ಯ ಮೊಗ್ಗು ಇರುತ್ತದೆ. ಅದು ಚಿಗುರಾಗಬಹುದು, ಇಲ್ಲವೇ ಹೂಗೊಂಚಲಾಗಬಹುದು. ಚಿಗುರಾಯಿತೋ, ಆ ತುದಿಗೆ ಆ ವರ್ಷದ ಹಣ್ಣು ಹೆಚ್ಚುಕಡಿಮೆ ತಪ್ಪಿದ ಹಾಗೆಯೇ. ಯಾವುದಾಗಬೇಕು ಎಂದು ತೀರ್ಮಾನಿಸುವುದರಲ್ಲಿ ಎರಡು ಸಂಗತಿಗಳ ಪಾತ್ರ ದೊಡ್ಡದು. ಒಂದು ಚಳಿ. ಉತ್ತರ ಭಾರತದ ಮಾವಿಗೆ ಡಿಸೆಂಬರ್, ಜನವರಿಯ ಚಳಿಯೇ ಹೂವಿನ ಸೂಚನೆ. ರಾತ್ರಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿದರೆ ಮೊಗ್ಗು ಹೂವಿನ ಕಡೆ ತಿರುಗುತ್ತದೆ. ನಮ್ಮಲ್ಲಿ ಚಾರ್ಮಾಡಿ ಘಾಟಿಯ ಬುಡದ ಊರುಗಳಲ್ಲಿ ಬೆಳಗಿನ ಜಾವ ಕಂಬಳಿ ಬೇಕಾಗುವುದು ಹೌದು, ಆದರೆ ಅಂಥ ಚಳಿ ವಾರಗಟ್ಟಲೆ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಎರಡನೆಯ ಸಂಗತಿಗೆ ತೂಕ ಹೆಚ್ಚು. ಅದು ಚಿಗುರಿನ ವಯಸ್ಸು. ಚಳಿ ಕಡಿಮೆ ಇರುವ ಊರಿನಲ್ಲಿ ರೆಂಬೆಯ ತುದಿ ಅಂದಾಜು ನಾಲ್ಕೈದು ತಿಂಗಳು ಸುಮ್ಮನಿದ್ದು ಬಲಿತರೆ ಮಾತ್ರ ಹೂ ಬಿಡುವ ಸ್ಥಿತಿಗೆ ಬರುತ್ತದೆ.

ಈಗ ನಮ್ಮ ತಿಂಗಳುಗಳಲ್ಲಿ ಲೆಕ್ಕ ಹಾಕಿ. ಸೋಣದಲ್ಲಿ ಮಳೆ ಸ್ವಲ್ಪ ಇಳಿದು ಬಿಸಿಲು ಕಂಡಾಗ ಬಂದ ಚಿಗುರು ಪೆರಾರ್ದೆ ತಿಂಗಳಿಗೆ ಬಲಿಯುತ್ತದೆ. ಮರ ಹಾಗೆಯೇ ಇದ್ದರೆ ಆಗ ಹೂ. ನಡುವೆ ನವೆಂಬರಿನಲ್ಲಿ ತೋಟದ ಸ್ಪ್ರಿಂಕ್ಲರ್ ತಿರುಗಿ ತಿರುಗಿ ಮಾವಿನ ಬುಡಕ್ಕೂ ನೀರು ಹಾರಿಸಿತು ಅನ್ನಿ. ಮರ ಖುಷಿಯಿಂದ ಮತ್ತೊಂದು ಕೆಂಪು ಚಿಗುರು ತಳ್ಳುತ್ತದೆ. ವಯಸ್ಸಿನ ಲೆಕ್ಕ ಮತ್ತೆ ಸೊನ್ನೆಯಿಂದ. ಆ ಚಿಗುರು ಬಲಿಯುವಾಗ ಸುಗ್ಗಿ ತಿಂಗಳು. ಹೂ ಬಂದರೂ ಹಣ್ಣಾಗುವ ಮೊದಲೇ ಪತ್ತನಾಜೆ ಕಳೆದು ಮಳೆ ಹಿಡಿದಿರುತ್ತದೆ, ಹಣ್ಣುನೊಣ ಕಾದು ಕೂತಿರುತ್ತದೆ. ಒಣಗಾಲ ಮರಕ್ಕೆ ಮಾಡುವ ಉಪಕಾರ ಇದೇ: ಹೊಸ ಚಿಗುರು ಬಾರದಂತೆ ತಡೆದು ಇದ್ದ ಚಿಗುರಿಗೆ ವಯಸ್ಸಾಗಲು ಬಿಡುವುದು. ಬಾಯಾರಿಕೆಯಿಂದ ಹೆದರಿ ಮರ ಹೂ ಬಿಡುತ್ತದೆ ಎಂದು ಹೇಳುವವರಿದ್ದಾರೆ. ಮಾವಿನ ಮಟ್ಟಿಗೆ ಅದು ಪೂರ್ತಿ ಸರಿಯಲ್ಲ. ಹೂವಿಗೆ ಬೇಕಾದ್ದು ಬಿಡುವು. ನೀರು ನಿಲ್ಲಿಸುವುದು ಆ ಬಿಡುವನ್ನು ಕೊಡಿಸುವ ಉಪಾಯ.

ಒಂದು ಪರೀಕ್ಷೆ ಹೇಳುತ್ತೇನೆ. ಡಿಸೆಂಬರ್ ಮೊದಲ ವಾರ ಕೊಂಬೆಯ ತುದಿಯ ಎಲೆಯೊಂದನ್ನು ಕಿತ್ತು ಅಂಗೈಯಲ್ಲಿಟ್ಟು ಹಿಸುಕಿ. ಮೆತ್ತಗೆ ಮಡಚಿಕೊಂಡು ಮತ್ತೆ ಬಿಚ್ಚಿದರೆ ಇನ್ನೂ ಎಳೆಯದು. ಚರಚರನೆ ಮುರಿದರೆ ಬಲಿತಿದೆ. ಫಿಲಿಪ್ಪೀನ್ಸ್ ದೇಶದ ಮಾವಿನ ಬೆಳೆಗಾರರು ಹೂ ಬರಿಸುವ ಮದ್ದು ಸಿಂಪಡಿಸುವ ಮೊದಲು ನೋಡುವುದೂ ಇದನ್ನೇ. ಆ ಮದ್ದು ಪೊಟ್ಯಾಸಿಯಂ ನೈಟ್ರೇಟ್. 1970ರ ದಶಕದಲ್ಲಿ ರಾಮೋನ್ ಬಾರ್ಬಾ ಎಂಬ ಅಲ್ಲಿನ ವಿಜ್ಞಾನಿ ಇದನ್ನು ಕಂಡುಕೊಂಡರು. ಅದಕ್ಕೂ ಮೊದಲು ಅಲ್ಲಿನವರು ಮಾವಿನ ಮರದಡಿ ದಿನಗಟ್ಟಲೆ ಹೊಗೆ ಹಾಕಿ ಹೂ ಬರಿಸುತ್ತಿದ್ದರು. ಹೊಗೆಯಲ್ಲಿರುವ ಎಥಿಲೀನ್ ಅನಿಲದ ಕೆಲಸ ಅದು ಎಂಬ ವಿವರಣೆ ಇದೆ. ಹೊಗೆಯಿರಲಿ, ನೈಟ್ರೇಟ್ ಇರಲಿ, ಬಲಿಯದ ಚಿಗುರಿನ ಮೇಲೆ ಎರಡೂ ವ್ಯರ್ಥ.

ನರ್ಸರಿಗಳಲ್ಲಿ ಪ್ಯಾಕ್ಲೊಬ್ಯುಟ್ರಜಾಲ್ ಎಂಬ ಇನ್ನೊಂದು ಮದ್ದಿನ ಹೆಸರೂ ಕಿವಿಗೆ ಬೀಳುತ್ತದೆ. ಮರದ ಒಳಗೆ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಚೋದಕ ತಯಾರಾಗುವುದನ್ನು ಅದು ತಡೆಯುತ್ತದೆ. ಚಿಗುರು ನಿಲ್ಲುತ್ತದೆ, ಹೂ ಬರುತ್ತದೆ, ನಿಜ. ಆದರೆ ಅದು ಮಣ್ಣಿನಲ್ಲಿ ಬಹಳ ಕಾಲ ಉಳಿಯುವ ವಸ್ತು. ಪ್ರಮಾಣ ತಪ್ಪಿದರೆ ಮರ ಗಂಟುಗಂಟಾಗಿ ಕುಗ್ಗುತ್ತದೆ. ಗುಡ್ಡೆಯಲ್ಲಿ ಮರ, ಕೆಳಗೆ ಕುಡಿಯುವ ನೀರಿನ ಬಾವಿ ಇರುವ ನಮ್ಮ ಮನೆಗಳಲ್ಲಿ ನಾಲ್ಕು ಮಾವಿನ ಮರಕ್ಕಾಗಿ ಅದರ ಉಸಾಬರಿಯೇ ಬೇಡ ಎಂಬುದು ನನ್ನ ಅಭಿಪ್ರಾಯ.

ಹೂ ಬಂತು ಎಂದು ಅಂಗಳದಲ್ಲಿ ನಿಂತು ಸಂತೋಷಪಡುವಾಗ ಒಂದು ಮಾತು ನೆನಪಿರಲಿ. ಒಂದು ಗೊಂಚಲಿನಲ್ಲಿ ಸಾವಿರಕ್ಕೂ ಹೆಚ್ಚು ಹೂಗಳಿರಬಹುದು. ಹೆಚ್ಚಿನವು ಬರೀ ಗಂಡು. ದ್ವಿಲಿಂಗಿ ಹೂಗಳಲ್ಲೂ ಬಹುಪಾಲು ಉದುರುತ್ತವೆ. ಗೊಂಚಲಿಗೆ ಒಂದು ಹಣ್ಣು ಕೈಸೇರಿದರೆ ಒಳ್ಳೆಯ ಬೆಳೆ. ಈ ಉದುರುವಿಕೆಗೆ ಗಾಬರಿಯಾಗಿ ಹೂವಿನ ಮೇಲೆ ಕೀಟನಾಶಕ ಹೊಡೆಯುವವರಿದ್ದಾರೆ. ಮಾವಿನ ಪರಾಗ ಸಾಗಿಸುವವರಲ್ಲಿ ಜೇನಿಗಿಂತ ನೊಣಗಳದೇ ಮೇಲುಗೈ. ಹೂ ಅರಳಿರುವಾಗ ಮದ್ದು ಬಿಟ್ಟರೆ ಜಿಗಿಹುಳದ ಜೊತೆ ಇವೂ ಸಾಯುತ್ತವೆ. ಜಿಗಿಹುಳ, ಬೂದಿರೋಗಕ್ಕೆ ಏನಾದರೂ ಮಾಡುವುದಿದ್ದರೆ ಗೊಂಚಲು ಹೊರಡುವಾಗ, ಹೂ ಬಿರಿಯುವ ಮೊದಲು ಮಾಡಿ.

ರಂಬುಟಾನ್ ವಿಷಯಕ್ಕೆ ಬರೋಣ. ಮಲಯ ದೇಶದ ಈ ಹಣ್ಣು ನಮ್ಮ ಕೆಂಪು ಮಣ್ಣಿಗೆ, ನಮ್ಮ ಸೆಕೆಗೆ ಒಗ್ಗಿಕೊಂಡಿದೆ. ಮೂಡುಬಿದಿರೆಯ ಸೋನ್ಸ್ ಫಾರ್ಮಿಗೆ ಹೋದವರು ಇಂಥ ಹೊರನಾಡಿನ ಹಣ್ಣಿನ ಮರಗಳನ್ನು ನೋಡಿಯೇ ಇರುತ್ತೀರಿ. ಅಡಿಕೆಗೆ ಹಳದಿರೋಗ, ಎಲೆಚುಕ್ಕಿ ಬಂದ ಮೇಲೆ ಇದನ್ನು ಸಾಲು ಹಿಡಿದು ನೆಡುವವರೂ ಆಗಿದ್ದಾರೆ. ನೆಡುವ ಮೊದಲು ತಿಳಿಯಬೇಕಾದ್ದು: ಬೀಜದಿಂದ ಎದ್ದ ರಂಬುಟಾನ್ ಸಸಿಗಳಲ್ಲಿ ಸುಮಾರು ಅರ್ಧ ಗಂಡು. ಗಂಡು ಮರ ಹೂ ಬಿಡುತ್ತದೆ, ಹಣ್ಣು ಕೊಡುವುದಿಲ್ಲ. ಐದಾರು ವರ್ಷ ಸಾಕಿದ ಮೇಲೆ ಇದು ಗೊತ್ತಾದರೆ ಏನು ಮಾಡುತ್ತೀರಿ? ಆದ್ದರಿಂದ ಕಣ್ಣು ಕಸಿ ಮಾಡಿದ ಗಿಡವನ್ನೇ ತನ್ನಿ. ಕೊಡಗಿನ ಚೆಟ್ಟಳ್ಳಿ ಕೇಂದ್ರದಿಂದ ಬಂದ ಅರ್ಕಾ ಕೂರ್ಗ್ ಅರುಣ್ ಕೆಂಪು, ಅರ್ಕಾ ಕೂರ್ಗ್ ಪೀತಾಭ್ ಹಳದಿ. ಕೇರಳದ ನರ್ಸರಿಗಳಿಂದ ಎನ್-18 ನಮ್ಮ ಕಡೆ ಬಹಳ ಬಂದಿದೆ. ಇವುಗಳ ಹೂವಿನಲ್ಲಿ ಗಂಡು ಭಾಗ ಇದ್ದರೂ ಹೆಚ್ಚಿನ ಹೂಗಳಲ್ಲಿ ಅದು ಪರಾಗ ಬಿಚ್ಚುವುದೇ ಇಲ್ಲ. ನೋಡಲು ದ್ವಿಲಿಂಗಿ, ನಡತೆಯಲ್ಲಿ ಹೆಣ್ಣು. ಕಾಯಿ ಹಿಡಿದೂ ಒಳಗೆ ತಿರುಳಿಲ್ಲದೆ ಪೊಳ್ಳಾಗುವುದಕ್ಕೆ ಪರಾಗದ ಕೊರತೆಯೂ ಒಂದು ಕಾರಣ. ದೊಡ್ಡ ತೋಟ ಮಾಡುವವರು ಒಂದೆರಡು ಗಂಡು ಮರವನ್ನು ಬೇಕೆಂದೇ ಉಳಿಸಿಕೊಳ್ಳುವುದು ಇದಕ್ಕೇ.

ರಂಬುಟಾನಿಗೆ ಹೂ ಬರಲು ಒಂದು ತಿಂಗಳ ಮಟ್ಟಿಗಿನ ಒಣ ಬಿಡುವು ಬೇಕು. ಧರ್ಮಸ್ಥಳದ ಲಕ್ಷದೀಪ ಮುಗಿದ ಮೇಲೆ ನೀರು ನಿಲ್ಲಿಸಿದರೆ ಸುಮಾರಾಗಿ ಸರಿಹೋಗುತ್ತದೆ. ಎಲೆ ಸ್ವಲ್ಪ ಬಾಡಿದ ಹಾಗೆ ಕಾಣಬಹುದು. ಮನೆಯಲ್ಲಿ ಅಮ್ಮಂದಿರಿಗೆ ನೋಡಲಾಗದೆ ಪಾತ್ರೆ ತೊಳೆದ ನೀರನ್ನಾದರೂ ತಂದು ಹೊಯ್ಯುತ್ತಾರೆ, ಅದನ್ನೂ ಬೇಡ ಎನ್ನಬೇಕು. ತುದಿಯಲ್ಲಿ ಹೂಗೊಂಚಲು ಕಣ್ಣಿಗೆ ಕಂಡು ಎರಡು ಇಂಚು ಬೆಳೆದ ಮೇಲೆ ನೀರು ಮತ್ತೆ ಶುರು. ಆಮೇಲೆ ಮಾತ್ರ ಕಂಜೂಸಿ ಮಾಡಬಾರದು. ಕಾಯಿ ಬೆಳೆಯುವಾಗ ಒಮ್ಮೆ ಒಣಗಿಸಿ ಒಮ್ಮೆ ತೋಯಿಸಿದರೆ ಸಿಪ್ಪೆ ಒಡೆಯುತ್ತದೆ. ಇನ್ನೊಂದು: ಮಾವನ್ನು ಕೊಯ್ದು ಒಣಹುಲ್ಲಿನಲ್ಲಿಟ್ಟು ಹಣ್ಣು ಮಾಡುವ ಹಾಗೆ ರಂಬುಟಾನನ್ನು ಮಾಡಲಾಗದು. ಕೊಯ್ದಾಗ ಎಷ್ಟು ಸಿಹಿಯೋ ಅಷ್ಟೇ. ಬಾವಲಿ, ಮಂಗಗಳ ಹೆದರಿಕೆಗೆ ಬೇಗ ಕೊಯ್ದರೆ ಹುಳಿ ಹಣ್ಣೇ ಗತಿ. ಬಲೆ ಹೊದೆಸುವ ಖರ್ಚನ್ನು ಸಸಿ ಕೊಳ್ಳುವಾಗಲೇ ಲೆಕ್ಕಕ್ಕೆ ಹಿಡಿಯಿರಿ. ಹಿಡಿಯದವರ ತೋಟದಲ್ಲಿ ಜುಲೈ ತಿಂಗಳಿಡೀ ಮಂಗಗಳದ್ದೇ ಗಮ್ಮತ್ತು.

ಮ್ಯಾಂಗೋಸ್ಟಿನ್ ನಮ್ಮ ಪುನರ್ಪುಳಿಯ ಹತ್ತಿರದ ಸಂಬಂಧಿ. ಎರಡೂ ಗಾರ್ಸೀನಿಯ ಎಂಬ ಒಂದೇ ಕುಲದವು. ಉಪ್ಪಾಗೆಯೂ ಅದೇ ಬಳಗ. ಆದರೆ ಮಕ್ಕಳಾಗುವ ವಿಷಯದಲ್ಲಿ ಅಕ್ಕತಂಗಿಯರ ದಾರಿಯೇ ಬೇರೆ. ಪುನರ್ಪುಳಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿ ಏಳೆಂಟು ವರ್ಷ ಬೆಳೆದು ಹೂ ಬಿಟ್ಟ ಮೇಲಷ್ಟೇ ಯಾವುದು ಎಂದು ತಿಳಿಯುವುದು. ಮ್ಯಾಂಗೋಸ್ಟಿನ್‌ನಲ್ಲಿ ಪರಾಗದ ಗೊಡವೆಯೇ ಇಲ್ಲ. ತಾಯಿಯ ಅಂಗಾಂಶದಿಂದಲೇ ಬೀಜ ಕಟ್ಟುತ್ತದೆ, ಬೀಜದ ಸಸಿ ತಾಯಿಯ ಪಡಿಯಚ್ಚು. ಆದ್ದರಿಂದ ಅಲ್ಲಿ ಕಸಿಯೇ ಬೇಕೆಂಬ ಹಟ ಬೇಡ, ತಾಳ್ಮೆ ಮಾತ್ರ ಬೇಕು. ಅದರ ಬೇರಿಗೆ ಬೇರುರೋಮಗಳು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನೀರನ್ನೂ ಸಾರವನ್ನೂ ಹೀರುವುದು ನಿಧಾನ, ಬೆಳವಣಿಗೆಯೂ ನಿಧಾನ. ಮೊದಲ ಹಣ್ಣಿಗೆ ಎಂಟು ಹತ್ತು ವರ್ಷ ಸಾಮಾನ್ಯ. ಎಳೆಯ ಗಿಡಕ್ಕೆ ನೆರಳು ಬೇಕು, ಆದ್ದರಿಂದ ತೋಟದೊಳಗೆ ಸೊಗಸಾಗಿ ಏಳುತ್ತದೆ. ದೊಡ್ಡದಾದ ಮೇಲೆ ಬೆಳಕು ಸಿಗದಿದ್ದರೆ ಸೊಗಸಾಗಿ ಸುಮ್ಮನಿರುತ್ತದೆ.

ಮ್ಯಾಂಗೋಸ್ಟಿನ್ ಹಣ್ಣು ಕೈಗೆ ಸಿಕ್ಕಿದಾಗ ಬುಡ ಮೇಲೆ ಮಾಡಿ ನೋಡಿ. ತೊಟ್ಟಿನ ಎದುರು ತುದಿಯಲ್ಲಿ ಕೆತ್ತಿದ ಹಾಗೆ ಒಂದು ಸಣ್ಣ ಹೂವಿನ ಆಕಾರ ಇದೆ. ಹೂವಿನ ಶಲಾಕಾಗ್ರ ಒಣಗಿ ಉಳಿದ ಗುರುತು ಅದು. ಅದರಲ್ಲಿ ಎಷ್ಟು ಎಸಳೋ ಒಳಗೆ ಅಷ್ಟೇ ಬಿಳಿ ತೊಳೆ. ಹಾಗೆಯೇ ಒಳಗೆ ಕೆಲವೊಮ್ಮೆ ಹಳದಿ ಅಂಟು ಇಳಿದು ತೊಳೆ ಕಹಿಯಾಗಿರುತ್ತದೆ. ಬಹಳ ದಿನ ಒಣಗಿದ ಬುಡಕ್ಕೆ ಒಮ್ಮೆಲೇ ದೊಡ್ಡ ಮಳೆ ಬಿದ್ದರೆ ಹಣ್ಣಿನೊಳಗಿನ ಅಂಟಿನ ನಾಳಗಳು ಒಡೆದು ಹೀಗಾಗುತ್ತದೆ. ಏಪ್ರಿಲ್, ಮೇಯಲ್ಲಿ ಹದವಾಗಿ ನೀರು ಕೊಟ್ಟು ಬುಡಕ್ಕೆ ತರಗೆಲೆ ಹೊದೆಸಿದ ಮರದಲ್ಲಿ ಇದರ ಉಪದ್ರ ಕಡಿಮೆ.

ಪುನರ್ಪುಳಿಗೆ ಹಿಂತಿರುಗಿದರೆ, ಅಲ್ಲಿ ಹೆಣ್ಣು ಮರವೇ ಬೇಕೆಂದರೆ ಕಸಿ ಮಾಡಬೇಕು, ಆ ಕಸಿಯಲ್ಲೊಂದು ಸೂಕ್ಷ್ಮ ಇದೆ. ಈ ಮರದಲ್ಲಿ ನೆಟ್ಟಗೆ ಮೇಲೆ ಹೋಗುವ ಕುಡಿಯೇ ಬೇರೆ, ಪಕ್ಕಕ್ಕೆ ಚಾಚುವ ರೆಂಬೆಯೇ ಬೇರೆ. ಪಕ್ಕದ ರೆಂಬೆಯಿಂದ ಕಡ್ಡಿ ತೆಗೆದು ಕಸಿ ಕಟ್ಟಿದರೆ ಆ ಗಿಡಕ್ಕೆ ತಾನು ಪಕ್ಕದ ರೆಂಬೆ ಎಂಬುದು ಮರೆಯುವುದೇ ಇಲ್ಲ. ಎಷ್ಟು ವರ್ಷವಾದರೂ ನೆಲದ ಮೇಲೆ ಹರಡಿಕೊಳ್ಳುತ್ತದೆ, ಎದ್ದು ನಿಲ್ಲುವುದಿಲ್ಲ. ಜಾಯಿಕಾಯಿಯ ಕಥೆಯೂ ಇದೇ. ನರ್ಸರಿಯಲ್ಲಿ ಗಿಡ ಆರಿಸುವಾಗ ಹೊಸ ಚಿಗುರು ಮೇಲಕ್ಕೆ ಹೋಗಿದೆಯೇ ಪಕ್ಕಕ್ಕೆ ಬಾಗಿದೆಯೇ ನೋಡಿ ತನ್ನಿ. ಗೇರು, ಮಾವಿನಲ್ಲಿ ಈ ತೊಂದರೆಯಿಲ್ಲ. ಗೇರಿನ ಮೃದುಕಾಂಡ ಕಸಿಯಂತೂ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ದೆಸೆಯಿಂದ ನಮ್ಮ ಕಡೆ ಮನೆಮಾತಾಗಿದೆ. ಕಡ್ಡಿ ಕೊಯ್ಯುವ ಒಂದು ವಾರ ಹತ್ತು ದಿನ ಮೊದಲೇ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸುತ್ತಾರೆ. ಆಗ ಮೊಗ್ಗು ಉಬ್ಬಿ ತಯಾರಾಗುತ್ತದೆ, ಕಟ್ಟಿದ ಮೇಲೆ ಬೇಗ ಚಿಗುರುತ್ತದೆ. ಕಸಿ ಕೂಡುವುದು ಸಿಪ್ಪೆಗೂ ಕಟ್ಟಿಗೆಗೂ ನಡುವಿನ ಕೂದಲೆಳೆಯಷ್ಟು ತೆಳುವಾದ ಜೀವಂತ ಪದರದಲ್ಲಿ. ಬೇರುಸಸಿಯ ಆ ಪದರ, ಕಡ್ಡಿಯ ಆ ಪದರ ಒಂದು ಬದಿಯಲ್ಲಾದರೂ ಒಂದಕ್ಕೊಂದು ತಾಗಲೇಬೇಕು. ತಾಗದಿದ್ದರೆ ಎಷ್ಟು ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿದರೂ ಕಡ್ಡಿ ಒಣಗುತ್ತದೆ.

ಹಲಸಿನ ಮಾತಿಲ್ಲದೆ ನಮ್ಮ ಊರಿನಲ್ಲಿ ಹಣ್ಣಿನ ಭಾಷಣ ಮುಗಿಸಿದರೆ ಯಾರೂ ಕ್ಷಮಿಸುವುದಿಲ್ಲ. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ವರ್ಷಗಟ್ಟಲೆ ಬರೆದು ಹಲಸಿಗೆ ಮರ್ಯಾದೆ ತಂದುಕೊಟ್ಟರು, ಈಗ ಹಲಸು ಮೇಳಗಳಲ್ಲಿ ಐಸ್‌ಕ್ರೀಮಿನಿಂದ ಹೋಳಿಗೆವರೆಗೆ ಎಲ್ಲ ಸಿಗುತ್ತದೆ. ಮರದ ಒಳಗುಟ್ಟು ಮಾತ್ರ ಇನ್ನೂ ಹಲವರಿಗೆ ಹೊಸದು. ನಾವು ಒಂದು ಹಲಸಿನಕಾಯಿ ಎನ್ನುವುದು ಸಾವಿರಾರು ಹೆಣ್ಣು ಹೂಗಳ ಒಟ್ಟು ಕುಟುಂಬ. ನಡುವಿನ ಗೂಂಜು ಅವೆಲ್ಲ ಕೂತಿರುವ ದಿಂಡು. ಹೊರಗಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ಪರಾಗ ಸಿಕ್ಕಿದ ಹೂ ಒಳಗೆ ಬೀಜ ಕಟ್ಟಿ, ಸುತ್ತ ಉಬ್ಬಿ, ತೊಳೆಯಾಗುತ್ತದೆ. ಸಿಗದ ಹೂ ಶಾರೆಯಾಗಿ ಉಳಿಯುತ್ತದೆ. ಹಣ್ಣು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊಟ್ಟಗಾಗಿದ್ದರೆ ಆ ಸೊಟ್ಟ ಬದಿಯನ್ನು ಕೊಯ್ದು ನೋಡಿ, ಬರೀ ಶಾರೆ. ಆ ಬದಿಗೆ ಪರಾಗ ತಲುಪಿಲ್ಲ.

ಗಂಡು ಹೂವಿನ ಕಾಯಿಗಳು ಅದೇ ಮರದಲ್ಲಿ ಬೇರೆಯಾಗಿ ಬರುತ್ತವೆ. ತೊಟ್ಟು ತೆಳು, ಮೈ ನಯ. ಕೆಲಸ ಮುಗಿದ ಮೇಲೆ ಕಪ್ಪು ಬೂಸ್ಟು ಹಿಡಿದು ಉದುರುತ್ತವೆ. ಜನವರಿಯಲ್ಲಿ ಮರದಡಿ ಅವನ್ನು ಕಂಡು, ಗುಜ್ಜೆಯೆಲ್ಲ ಕೊಳೆತು ಬೀಳುತ್ತಿದೆ ಎಂದು ಬೊಬ್ಬೆ ಹಾಕುವವರಿದ್ದಾರೆ, ಬೋರ್ಡೋ ಹೊಡೆಸಿದವರೂ ಇದ್ದಾರೆ. ತೊಟ್ಟು ನೋಡಿದರೆ ಸಾಕು. ದಪ್ಪ ತೊಟ್ಟಿನದ್ದು ಉದುರಿದರೆ ಮಾತ್ರ ಚಿಂತೆ. ಇನ್ನು ಬರ್ಕೆಯ ಬೀಜ ನೆಟ್ಟರೆ ಬರ್ಕೆಯೇ ಬರಬೇಕೆಂದಿಲ್ಲ, ತುಳುವವೂ ಬರಬಹುದು. ಪರಾಗ ಯಾವ ಮರದ್ದೋ ಬಲ್ಲವರಾರು? ಅಜ್ಜ ನೆಟ್ಟ ಒಳ್ಳೆಯ ಮರ ಮುದಿಯಾಗುವ ಮೊದಲು ಅದರ ಕಡ್ಡಿಯಿಂದ ಕಸಿ ಮಾಡಿಸಿಕೊಳ್ಳಿ.

ಕಾಯಿ ಬಿಡದ ಹಲಸಿನ ಕಾಂಡಕ್ಕೆ ಕತ್ತಿಯಿಂದ ನಾಲ್ಕು ಕಚ್ಚು ಹಾಕುವ ಹಳೆಯ ಪದ್ಧತಿ ಇದೆಯಲ್ಲ, ಅದು ಬರೀ ಮೂಢನಂಬಿಕೆ ಎಂದು ತಳ್ಳಬೇಡಿ. ಎಲೆಯಲ್ಲಿ ತಯಾರಾದ ಸಕ್ಕರೆ ಸಿಪ್ಪೆಯ ಒಳಪದರದ ಮೂಲಕ ಬೇರಿಗೆ ಇಳಿಯುತ್ತದೆ. ಸಿಪ್ಪೆಗೆ ಗಾಯವಾದರೆ ಇಳಿಯುವ ದಾರಿಗೆ ಅಷ್ಟರಮಟ್ಟಿಗೆ ತಡೆ, ಮೇಲೆ ಸಕ್ಕರೆ ಉಳಿಯುತ್ತದೆ, ಹೂವಿಗೆ ಅನುಕೂಲ. ಹಣ್ಣಿನ ಬೆಳೆಗಾರರು ಬೇರೆ ದೇಶಗಳಲ್ಲೂ ಸಿಪ್ಪೆಯನ್ನು ಉಂಗುರದಂತೆ ಕೊಯ್ದು ಇದನ್ನೇ ಮಾಡುತ್ತಾರೆ. ಆದರೆ ಮಳೆಗಾಲದಲ್ಲಿ ಮಾಡಿದರೆ ಗಾಯದಲ್ಲಿ ಶಿಲೀಂಧ್ರ ಕೂತು ಮರವೇ ಹೋದೀತು. ಕಾಂಡವನ್ನು ಸುತ್ತಲೂ ಆಳವಾಗಿ ಕೊಯ್ದರೆ ಬೇರು ಉಪವಾಸ ಬಿದ್ದು ಸಾಯುತ್ತದೆ.

ಬೇರಿನ ಬಗ್ಗೆ ಚುಟುಕಾಗಿ ಎರಡು ಮಾತು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮಲ್ಲಿ ಹಣ್ಣಿನ ಗಿಡಗಳು ಸಾಯುವುದು ನೀರಿಲ್ಲದೆ ಎನ್ನುವುದಕ್ಕಿಂತ ನೀರು ನಿಂತು ಎನ್ನುವುದೇ ಸರಿ. ಬೇರಿಗೂ ಉಸಿರಾಡಲು ಗಾಳಿ ಬೇಕು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕಡೆ ಹೊಳೆ ಉಕ್ಕಿ ತೋಟಗಳಿಗೆ ಮರಳು, ಮಣ್ಣು ನುಗ್ಗಿದ್ದು ನೆನಪಿದೆಯಲ್ಲ. ಹಾಗೆ ಬುಡದ ಮೇಲೆ ಹೂಳು ಕೂತಾಗ ಅದನ್ನು ಬೇಗ ತೆಗೆಯದಿದ್ದರೆ ನಿಂತ ಮರವೂ ನಿಧಾನವಾಗಿ ಸೊರಗುತ್ತದೆ. ಮುರಕಲ್ಲಿನ ನೆಲದಲ್ಲಿ ಮೂರಡಿ ಗುಂಡಿ ತೆಗೆದು ನೆಟ್ಟರೆ ಅದು ಮಳೆಗಾಲದಲ್ಲಿ ತೊಟ್ಟಿಯಂತಾಗುತ್ತದೆ. ಒಂದು ಬದಿಯಲ್ಲಿ ನೀರು ಹೋಗಲು ದಾರಿ ಕಡಿಯಿರಿ, ಗುಂಡಿ ತುಂಬಿ ನೆಲಕ್ಕಿಂತ ಒಂದು ಗೇಣು ಎತ್ತರದಲ್ಲಿ ಗಿಡ ಕೂರಿಸಿ, ಕಸಿ ಕಟ್ಟಿದ ಗಂಟು ಮಣ್ಣಿನ ಮೇಲಿರಲಿ. ಗೊಬ್ಬರ ಹಾಕುವುದು ಕಾಂಡಕ್ಕೆ ಒರಗಿಸಿ ಅಲ್ಲ, ಎಲೆಯಂಚಿನ ನೆರಳು ಬೀಳುವ ಸುತ್ತಿನಲ್ಲಿ. ಹೀರುವ ಬೇರು ಇರುವುದು ಅಲ್ಲಿ. ಬಂದಣಿಕೆ ಕಂಡರೆ ಅದು ಅಂಟಿದ ಜಾಗದಿಂದ ಒಂದಡಿ ಕೆಳಗೆ ಕೊಂಬೆಯನ್ನೇ ಕಡಿಯಿರಿ. ಕೊಂಬೆ ಸವರುವುದಿದ್ದರೆ ಮಾವು, ರಂಬುಟಾನಿಗೆ ಕೊಯ್ಲಾದ ಕೂಡಲೇ, ಯಾಕೆಂದರೆ ಅವು ಹೂ ಬಿಡುವುದು ತುದಿಯಲ್ಲಿ. ನವೆಂಬರಿನಲ್ಲಿ ಸವರಿದರೆ ಮುಂದಿನ ಫಸಲನ್ನೇ ಸವರಿದ ಹಾಗೆ.

ಈಗ ಉಳಿದಿರುವುದು ಹೆಚ್ಚಿನವರ ಮನಸ್ಸಿನಲ್ಲಿರುವ ಪ್ರಶ್ನೆ. ಅಡಿಕೆಗೆ ನೀರು ಬಿಡದೆ ಆಗುವುದಿಲ್ಲ, ಮಾವು ಅದರ ಪಕ್ಕದಲ್ಲೇ ಇದೆ, ಏನು ಮಾಡುವುದು? ಮರದ ಹತ್ತಿರದ ಸ್ಪ್ರಿಂಕ್ಲರ್ ತೆಗೆದು ಅಲ್ಲಿಗೆ ಅರ್ಧ ಸುತ್ತು ತಿರುಗುವ ತಲೆ ಹಾಕಿ, ಬೆನ್ನು ಮಾವಿನ ಕಡೆಗಿರಲಿ. ಮರದ ಬುಡಕ್ಕೂ ಅಡಿಕೆ ಸಾಲಿಗೂ ನಡುವೆ ಎರಡಡಿ ಆಳದ ಕಣಿ ಇದ್ದರೆ ಬೇರು ದಾಟಿ ಹೋಗಿ ನೀರು ಕುಡಿಯುವುದೂ ಕಡಿಮೆಯಾಗುತ್ತದೆ. ಹೊಸದಾಗಿ ಮಾವು ನೆಡುವುದಾದರೆ ತೋಟದೊಳಗೆ ಬೇಡವೇ ಬೇಡ, ಬಿಸಿಲು ಬೀಳುವ ಗುಡ್ಡೆಯ ಇಳಿಜಾರಿನಲ್ಲಿ ನೆಡಿ. ಮೊದಲ ಮೂರು ಬೇಸಿಗೆ ಗಿಡಕ್ಕೆ ನೀರು ಬೇಕು, ಆದ್ದರಿಂದ ಪೈಪು ಅಲ್ಲಿಗೂ ಹೋಗಲಿ. ಆ ಪೈಪಿಗೆ ಬೇರೆಯೇ ಒಂದು ಗೇಟ್‌ವಾಲ್ವ್ ಇರಲಿ, ಅದರ ತಿರುಪು ಕೈಗೆಟುಕುವಂತಿರಲಿ.